ಗೂಳಿಗಳ ಸೋಲು : ಒಂದು ವಿಚಾರ

ಗೆದ್ದೆತ್ತಿನ ಬಾಲ ಹಿಡಿಯುವುದು ಲೋಕದ ರೂಢಿ. ಗೆದ್ದ ದಿನ ಬಾಲಕ್ಕೆ ಕೈ ಹಾಕುವವರು ನೂರು ಮಂದಿ. ಸೋತ ದಿನ ಅದರ ಮೈದಡವಿ ನೀರು ಕುಡಿಸುವವನು ಒಬ್ಬ ಸಿಕ್ಕಿದರೆ ಹೆಚ್ಚು. ನಮ್ಮ ರಾಜಧಾನಿಯ ಹೆಸರನ್ನು ಹೊತ್ತು, ಗೂಳಿಯನ್ನೇ ಲಾಂಛನವಾಗಿ ಧರಿಸಿ, ಪ್ರೊ ಕಬಡ್ಡಿ ಲೀಗಿನಲ್ಲಿ ಆಡುತ್ತಿರುವ ಬೆಂಗಳೂರು ಬುಲ್ಸ್ ತಂಡದ ವಿಷಯದಲ್ಲಿ ಈ ಮಾತು ಅಕ್ಷರಶಃ ನಿಜವಾಗಿದೆ. ೨೦೧೯ರ ಜನವರಿಯಲ್ಲಿ ಆ ತಂಡ ಕಿರೀಟವನ್ನು ಗೆದ್ದಾಗ ಅದು ‘ನಮ್ಮ ತಂಡ’ವಾಗಿತ್ತು. ೨೦೨೪ರಲ್ಲಿ ಹನ್ನೆರಡು ತಂಡಗಳ ಪಟ್ಟಿಯಲ್ಲಿ ಹನ್ನೆರಡನೆಯದಾಗಿ ಉಳಿದಾಗ ಅದು ‘ಅವರ ತಂಡ’ವಾಯಿತು. ಬಸ್ಸಿನಲ್ಲಿ, ಹೋಟೆಲಿನಲ್ಲಿ, ತರಗತಿಗಳ ಬಿಡುವಿನಲ್ಲಿ ಅದರ ಹೆಸರು ನಗೆಯ ಸರಕಾಯಿತು.

ನಗುವುದು ಸುಲಭ. ಆದರೆ ನಗುವಿನಿಂದ ಜ್ಞಾನ ಹೆಚ್ಚುವುದಿಲ್ಲ. ಗೆದ್ದ ತಂಡವೊಂದು ಆರು ವರ್ಷಗಳೊಳಗಾಗಿ ತಳ ಕಂಡುದಾದರೂ ಹೇಗೆ ಎಂದು ವಿಚಾರಿಸಿದರೆ, ಆಟವನ್ನು ನೋಡುವವರಿಗೂ ಆಡುವವರಿಗೂ ಒಂದು ಪಾಠ ದೊರೆಯುತ್ತದೆಂದು ನನ್ನ ನಂಬಿಕೆ. ಆ ವಿಚಾರವನ್ನೇ ಇಲ್ಲಿ ನಾಲ್ಕು ಮಾತುಗಳಲ್ಲಿ ವಾಚಕರ ಮುಂದಿಡುತ್ತೇನೆ.

ಮೊದಲು ಏಳ್ಗೆಯ ಕಥೆ. ಪ್ರೊ ಕಬಡ್ಡಿ ಲೀಗು ಆರಂಭವಾದುದು ೨೦೧೪ರಲ್ಲಿ. ಮೊದಲ ವರ್ಷವೇ ಬುಲ್ಸ್ ತಂಡ ಉಪಾಂತ್ಯವನ್ನು ಮುಟ್ಟಿತು. ೨೦೧೫ರಲ್ಲಿ ಅಂತಿಮ ಪಂದ್ಯಕ್ಕೇರಿ ಯು ಮುಂಬಾ ತಂಡಕ್ಕೆ ಸೋತಿತು. ಆರನೆಯ ಋತುವಿನ ಅಂತಿಮ ಪಂದ್ಯ ೨೦೧೯ರ ಜನವರಿ ೫ರಂದು ಮುಂಬಯಿಯಲ್ಲಿ ನಡೆಯಿತು. ಪೂರ್ವಾರ್ಧದಲ್ಲಿ ಹಿಂದೆ ಬಿದ್ದಿದ್ದ ಬುಲ್ಸ್, ಉತ್ತರಾರ್ಧದಲ್ಲಿ ಚೇತರಿಸಿಕೊಂಡು ಗುಜರಾತ್ ತಂಡವನ್ನು ೩೮–೩೩ ಅಂಕಗಳಿಂದ ಸೋಲಿಸಿತು. ಆ ೩೮ರಲ್ಲಿ ೨೨ ಅಂಕಗಳು ಪವನ್ ಸೆಹ್ರಾವತ್ ಒಬ್ಬರದೇ. ಮುಂದಿನ ಮೂರು ಋತುಗಳಲ್ಲಿಯೂ ತಂಡ ಉಪಾಂತ್ಯದವರೆಗೆ ಹೋಯಿತು. ಇದು ಸಾಮಾನ್ಯ ಸಾಧನೆಯಲ್ಲ.

ಇನ್ನು ಇಳಿಗಾಲ. ೨೦೨೩–೨೪ರ ಹತ್ತನೆಯ ಋತುವಿನಲ್ಲಿ ತಂಡ ಮೊದಲ ಆರು ಸ್ಥಾನಗಳೊಳಗೆ ಬರಲಿಲ್ಲ. ೨೦೨೪ರ ಹನ್ನೊಂದನೆಯ ಋತುವಿನಲ್ಲಂತೂ ಆಡಿದ ೨೨ ಪಂದ್ಯಗಳಲ್ಲಿ ಗೆದ್ದವು ಎರಡು, ಸಮವಾದುದು ಒಂದು, ಸೋತವು ೧೯. ಆ ಋತುವಿನ ಮೊತ್ತಮೊದಲ ಪಂದ್ಯವೇ ಹೈದರಾಬಾದಿನಲ್ಲಿ ತೆಲುಗು ಟೈಟನ್ಸ್ ಎದುರು ನಡೆಯಿತು. ಎದುರಾಳಿಯ ನಾಯಕನಾರು? ಅದೇ ಪವನ್ ಸೆಹ್ರಾವತ್! ತನ್ನ ಕೈಯಿಂದ ಕಿರೀಟ ತೊಡಿಸಿದವನೇ ಎದುರು ಅಂಕಣದಲ್ಲಿ ನಿಂತು ಬುಲ್ಸ್ ತಂಡವನ್ನು ಸೋಲಿಸಿದ. ಆ ವರ್ಷದ ಕಥೆಗೆ ಇದಕ್ಕಿಂತ ತಕ್ಕ ಪೀಠಿಕೆ ಬೇಕಿರಲಿಲ್ಲ.

ಈ ಸೋಲಿಗೆ ಜನ ಹೇಳುವ ಕಾರಣಗಳು ಹಲವು. ಅದೃಷ್ಟ ಕೆಟ್ಟಿತು ಎನ್ನುವವರುಂಟು. ಎರಡು ಪಂದ್ಯಗಳನ್ನು ಅದೃಷ್ಟ ಕೆಡಿಸಬಹುದು, ಹತ್ತೊಂಬತ್ತನ್ನು ಕೆಡಿಸಲಾರದು. ನಾಯಕ ಪರ್ದೀಪ್ ನರ್ವಾಲರಿಗೆ ವಯಸ್ಸಾಯಿತು ಎನ್ನುವವರು ಇನ್ನೂ ಹೆಚ್ಚು. ಲೀಗಿನಲ್ಲಿ ೧೮೦೦ಕ್ಕೂ ಮೀರಿ ದಾಳಿಯ ಅಂಕಗಳನ್ನು ಗಳಿಸಿದ, ಪಾಟ್ನಾ ಪೈರೇಟ್ಸ್ ತಂಡಕ್ಕೆ ಒಂದರ ಮೇಲೊಂದರಂತೆ ಮೂರು ಕಿರೀಟ ಗೆದ್ದುಕೊಟ್ಟ ಆಟಗಾರನೀತ. ೨೦೨೪ರ ಹರಾಜಿನಲ್ಲಿ ಬುಲ್ಸ್ ತಂಡ ಇವರನ್ನು ೭೦ ಲಕ್ಷ ರೂಪಾಯಿಗಳಿಗೆ ಕೊಂಡಿತು. ಹಿಂದಿನ ಚುರುಕು ಅವರಲ್ಲಿ ಉಳಿದಿರಲಿಲ್ಲ ಎಂಬುದು ನಿಜ. ೨೦೨೫ರ ಹರಾಜಿನಲ್ಲಿ ಅವರನ್ನು ಯಾರೂ ಕೊಳ್ಳಲಿಲ್ಲ. ಅವರು ನಿವೃತ್ತಿ ಸಾರಿದರು. ಆದರೆ ತಪ್ಪು ಅವರದೆಂದು ಹೇಳುವುದು ನ್ಯಾಯವಲ್ಲ. ಏಳು ಜನರ ಹೊರೆಯನ್ನು ಒಬ್ಬನ ಹೆಗಲಿಗೆ ಹಾಕಿದವರದು ತಪ್ಪು.

ಕಬಡ್ಡಿಯ ನಿಯಮಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಲ್ಲದವರಿಗಾಗಿ ಒಂದು ಮಾತು. ದಾಳಿಗಾರನಿಗೆ ದೊರೆಯುವ ಕಾಲ ಮೂವತ್ತು ಸೆಕೆಂಡು. ಎರಡು ದಾಳಿಗಳು ಬರಿದಾದರೆ ಮೂರನೆಯದು ‘ಮಾಡು ಇಲ್ಲವೆ ಮಡಿ’. ಹಿಡಿಸಿಕೊಂಡವನು ಅಂಕಣದಿಂದ ಹೊರಗೆ ಹೋಗಿ ಕೂರಬೇಕು. ತನ್ನ ಜೊತೆಯವರು ಎದುರಾಳಿಯನ್ನು ಮುಟ್ಟಿಯೋ ಹಿಡಿದೋ ಅಂಕ ಗಳಿಸಿದಾಗಲೇ ಅವನಿಗೆ ಮರುಜೀವ. ಆದುದರಿಂದ ಎಂತಹ ಮಹಾ ದಾಳಿಗಾರನಾದರೂ ಅವನ ಪ್ರಾಣ ಇರುವುದು ಜೊತೆಯವರ ಕೈಯಲ್ಲಿ. ಹಿಡಿಯುವವರು ದುರ್ಬಲರಾದರೆ, ಎರಡನೆಯ ದಾಳಿಗಾರ ಇಲ್ಲದಿದ್ದರೆ, ಲಕ್ಷಗಟ್ಟಲೆ ಬೆಲೆಯ ವೀರ ಪಂದ್ಯದ ಅರ್ಧ ಹೊತ್ತು ಹೊರಗಿನ ಬೆಂಚಿನ ಮೇಲೆ ಕಾಯುತ್ತ ಕೂರುತ್ತಾನೆ. ಒಬ್ಬನನ್ನು ನಂಬಿದ ತಂಡವನ್ನು ಸೋಲಿಸಲು ಎದುರಾಳಿ ಏಳು ಜನರನ್ನು ಸೋಲಿಸಬೇಕಾಗಿಲ್ಲ. ಒಬ್ಬನನ್ನು ಕೂರಿಸಿದರೆ ಸಾಕು.

ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಪರ್ದೀಪ್ ನರ್ವಾಲರು ಲೀಗಿಗೆ ಮೊದಲು ಕಾಲಿಟ್ಟುದು ಎಲ್ಲಿ? ೨೦೧೫ರಲ್ಲಿ, ಇದೇ ಬುಲ್ಸ್ ತಂಡದಲ್ಲಿ. ಎಳೆಯ ಹುಡುಗನಾಗಿದ್ದಾಗ ಅವರನ್ನು ಬಿಟ್ಟುಕೊಟ್ಟು, ಪಾಟ್ನಾ ಅವರಿಂದ ಮೂರು ಕಿರೀಟ ಪಡೆದ ಮೇಲೆ, ಆಟದ ಸಂಜೆಯಲ್ಲಿ ಮರಳಿ ಕೊಂಡುತಂದರು. ಪವನರೂ ೨೦೧೬ರಲ್ಲಿ ಆಟ ಮೊದಲು ಮಾಡಿದುದು ಇಲ್ಲಿಯೇ. ಗುಜರಾತಿಗೆ ಹೋಗಿ ಅಲ್ಲಿ ಹೆಚ್ಚು ಅವಕಾಶ ದೊರೆಯದೆ ಮರಳಿ ಬಂದಾಗ ಅವರ ಹೆಸರನ್ನು ಬಲ್ಲವರು ಕಡಮೆ. ಆರನೆಯ ಋತುವಿನಲ್ಲಿ ಅವರ ಮೇಲೆ ನಂಬಿಕೆಯಿಟ್ಟು ಆಡಿಸಿದುದರಿಂದಲೇ ಕಿರೀಟ ಬಂತು. ಅಂದರೆ ಬುಲ್ಸ್ ತಂಡದ ಒಂದೇ ಒಂದು ಕಿರೀಟ ಬಂದುದು, ಹೆಸರಾದವನನ್ನು ಕೊಂಡಾಗ ಅಲ್ಲ, ಹೆಸರಿಲ್ಲದವನನ್ನು ಬೆಳೆಸಿದಾಗ. ಈ ಪಾಠವನ್ನು ಮರೆತುದೇ ಮುಂದಿನ ಸೋಲಿನ ಮೂಲ. ಹಿತ್ತಿಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಹಿರಿಯರು ಹೇಳಿದುದು ನಮ್ಮನ್ನು ಎಚ್ಚರಿಸಲೆಂದು; ಅದನ್ನೇ ನಾವು ನೀತಿಯೆಂದು ಹಿಡಿದುಕೊಂಡಿದ್ದೇವೆ.

ಇದಕ್ಕೆ ಎದುರಾಗಿ ಒಂದು ವಾದ ಬರಬಹುದು. ಲೀಗು ವೃತ್ತಿಪರರ ವ್ಯವಹಾರ. ಅಲ್ಲಿ ಹರಾಜು ಉಂಟು, ಹಣ ಉಂಟು. ಪವನರನ್ನು ೨೦೨೨ರಲ್ಲಿ ತಮಿಳ್ ತಲೈವಾಸ್ ೨ ಕೋಟಿ ೨೬ ಲಕ್ಷಕ್ಕೆ ಕೂಗಿದಾಗ ಬೇರೆಯವರು ಮಾಡುವುದಾದರೂ ಏನು? ಬೆಳೆಸಿದವನನ್ನು ಉಳಿಸಿಕೊಳ್ಳಲು ಆಗದಿದ್ದರೆ ಬೆಳೆಸುವುದರಿಂದ ಫಲವೇನು? ವಾದದಲ್ಲಿ ಸತ್ಯಾಂಶವಿದೆ. ಆದರೆ ಒಂದು ಮರ ಹೋದರೆ ತೋಟ ಬರಿದಾಗುವುದು ಸಸಿಮಡಿ ಇಲ್ಲದವನಿಗೆ ಮಾತ್ರ. ಪುಣೇರಿ ಪಲ್ಟನ್ ತಂಡವನ್ನು ನೋಡಿರಿ. ಅವರು ಯುವ ಪಲ್ಟನ್ ಎಂಬ ಕಿರಿಯರ ಶಾಲೆಯನ್ನು ಕಟ್ಟಿ, ಅಲ್ಲಿಂದ ಬಂದ ಹುಡುಗರನ್ನೇ ನೆಚ್ಚಿ ತಂಡ ಬೆಳೆಸಿದರು. ಇರಾನಿನ ಶಾದ್ಲೂಯಿಯವರನ್ನು ೨ ಕೋಟಿ ೩೫ ಲಕ್ಷಕ್ಕೆ ಅವರೂ ಕೊಂಡರೆಂಬುದನ್ನು ಮರೆಮಾಚಬೇಕಾಗಿಲ್ಲ. ಆದರೆ ಅದು ಕಟ್ಟಿದ ಮನೆಗೆ ಇಟ್ಟ ಕಳಸ. ಬುಲ್ಸ್ ಮಾಡಿದುದು ಗೋಡೆಯಿಲ್ಲದೆ ಕಳಸ ಇಟ್ಟಂತೆ. ಹತ್ತನೆಯ ಋತುವಿನ ಕಿರೀಟ ಪುಣೆಗೆ ಸಂದಿತು.

ಆ ತಂಡದ ತರಬೇತುದಾರರು ಯಾರೆಂದು ಬಲ್ಲಿರಾ? ನಮ್ಮ ಕರ್ನಾಟಕದವರೇ ಆದ, ಅರ್ಜುನ ಪ್ರಶಸ್ತಿ ಪಡೆದ ಬಿ. ಸಿ. ರಮೇಶರು! ಬುಲ್ಸ್ ಗೆದ್ದ ಋತುವಿನಲ್ಲಿ ಅವರು ಅಲ್ಲಿ ಸಹಾಯಕ ತರಬೇತುದಾರರಾಗಿದ್ದರು. ಬಳಿಕ ಹೊರಗೆ ಹೋಗಿ ೨೦೧೯ರಲ್ಲಿ ಬೆಂಗಾಲ್ ವಾರಿಯರ್ಸ್ ತಂಡವನ್ನೂ ಮುಂದೆ ಪುಣೆಯನ್ನೂ ಗೆಲ್ಲಿಸಿದರು. ಹನ್ನೊಂದು ಋತುಗಳ ಕಾಲ ರಣಧೀರ್ ಸಿಂಗ್ ಸೆಹ್ರಾವತರು ಬುಲ್ಸ್ ತಂಡದ ಗುರುವಾಗಿ ದುಡಿದರು. ಅವರ ಸೇವೆಯನ್ನು ಒಂದು ಕೆಟ್ಟ ವರ್ಷದಿಂದ ಅಳೆಯಲಾಗದು. ಆದರೆ ಕೊನೆಯ ಸ್ಥಾನದ ಪೆಟ್ಟು ತಿಂದ ಮೇಲೆ ತಂಡದವರು ರಮೇಶರನ್ನು ಕರೆಸಿದರು. ೨೦೨೫ರ ಋತುವಿನಲ್ಲಿ, ಭಾರಿ ಹೆಸರಿನವರನ್ನು ನೆಚ್ಚದೆ, ಇರಾನಿನ ಅಲಿರೆಜಾ ಮಿರ್ಜಾಯಿಯಾನ್ ಮತ್ತು ಕೆಲವು ಯುವಕರನ್ನು ಕಟ್ಟಿಕೊಂಡು, ಅದೇ ತಂಡ ಮೊದಲ ನಾಲ್ಕು ಸ್ಥಾನಗಳೊಳಗೆ ಬಂದಿತು. ಕಿರೀಟ ದೊರೆಯಲಿಲ್ಲ. ಆದರೂ ಹನ್ನೆರಡನೆಯ ಸ್ಥಾನದಿಂದ ಅಲ್ಲಿಗೆ ಒಂದೇ ವರ್ಷದಲ್ಲಿ ಏರಿದುದನ್ನು ನೋಡಿದರೆ, ಹಿಂದಿನ ಸೋಲು ವಿಧಿಲಿಖಿತವಾಗಿರಲಿಲ್ಲ ಎಂಬುದು ಸ್ಪಷ್ಟ.

ಇಷ್ಟಾದರೂ ಒಂದು ಕೊರತೆ ಉಳಿದೇ ಇದೆ. ಈ ತಂಡಕ್ಕೂ ಅದು ಹೆಸರು ಹೊತ್ತ ನಾಡಿಗೂ ಇರುವ ನಂಟು ತೆಳುವಾದುದು. ೨೦೧೭ರಲ್ಲಿ ಅದರ ‘ತವರು’ ಪಂದ್ಯಗಳು ನಡೆದುದು ನಾಗಪುರದಲ್ಲಿ. ೨೦೨೪ರ ಲೀಗು ಹೈದರಾಬಾದು, ನೋಯಿಡಾ, ಪುಣೆಗಳಲ್ಲಿ ಮುಗಿಯಿತು. ಸೋಲಿನ ಮೇಲೆ ಸೋಲು ಬಂದಾಗ ಬೆನ್ನು ತಟ್ಟಲು ತವರಿನ ಜನರ ನಡುವೆ ಒಂದು ಪಂದ್ಯವೂ ಇರಲಿಲ್ಲ. ಆಟಗಾರರಲ್ಲಿ ಹೆಚ್ಚಿನವರು ಉತ್ತರ ಭಾರತದವರು. ಅವರು ಪರಕೀಯರೆಂದು ನಾನು ಹೇಳುತ್ತಿಲ್ಲ. ನಮ್ಮ ಹೆಸರಿಗಾಗಿ ಬೆವರು ಸುರಿಸಿದವರೆಲ್ಲರೂ ನಮ್ಮವರೇ. ಆದರೆ ನಮ್ಮ ಮಣ್ಣಿನಲ್ಲಿ ಆಟಗಾರರು ಬೆಳೆಯುವುದಿಲ್ಲವೆ? ಕರಾವಳಿಯ ಸುಕೇಶ್ ಹೆಗ್ಡೆಯವರು ೨೦೧೭ರಲ್ಲಿ ಗುಜರಾತ್ ತಂಡದ ನಾಯಕರಾಗಿ ಅಂತಿಮ ಪಂದ್ಯಕ್ಕೆ ಹೋದರು. ದಕ್ಷಿಣ ಕನ್ನಡದ ಪ್ರಶಾಂತ್ ಕುಮಾರ್ ರೈಯವರು ೨೦೨೧–೨೨ರಲ್ಲಿ ಪಾಟ್ನಾ ತಂಡವನ್ನು ಅಂತಿಮ ಪಂದ್ಯದವರೆಗೆ ನಡೆಸಿದರು. ಕಾರ್ಕಳ ಸೀಮೆಯ ಮಮತಾ ಪೂಜಾರಿಯವರು ೨೦೧೦ ಮತ್ತು ೨೦೧೪ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಭಾರತಕ್ಕೆ ಚಿನ್ನ ತಂದ ತಂಡದಲ್ಲಿದ್ದರು. ಬೀಜಕ್ಕೆ ಬರವಿಲ್ಲ, ಒಕ್ಕಲುತನಕ್ಕೆ ಬರ.

ನಮ್ಮ ಸೀಮೆಯ ಅನುಭವವೂ ಇದನ್ನೇ ಹೇಳುತ್ತದೆ. ಹಳಿಯಾಳವೆಂದರೆ ಕುಸ್ತಿಯ ಹೆಸರು. ೧೯೮೦ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದವರು ವಿಶೇಷ ಯೋಜನೆಯೊಂದರಲ್ಲಿ ನಮ್ಮ ಜಿಲ್ಲೆಯ ಸಿದ್ದಿ ಮಕ್ಕಳನ್ನು ಆರಿಸಿ ಓಟ, ಜಿಗಿತಗಳಲ್ಲಿ ತರಬೇತಿ ಕೊಟ್ಟರು. ಕಾಡಿನಂಚಿನ ಮಕ್ಕಳು ದೇಶದ ಮೈದಾನಗಳಲ್ಲಿ ಪದಕ ಗೆಲ್ಲತೊಡಗಿದರು. ೧೯೯೦ರ ದಶಕದ ಆರಂಭದಲ್ಲಿ ಆ ಯೋಜನೆ ನಿಂತಿತು. ಎಷ್ಟೋ ಮಂದಿ ಮೈದಾನ ಬಿಟ್ಟು ಊರಿಗೆ ಮರಳಿದರು. ಮುಂದೆ ಬೇರೆ ಪ್ರಯತ್ನಗಳು ನಡೆದರೂ ನಡುವೆ ಒಂದು ತಲೆಮಾರು ಕಳೆದುಹೋಯಿತು. ಓಡುವ ಕಾಲುಗಳು ಕಡಮೆಯಾಗಿರಲಿಲ್ಲ. ನೀರೆರೆಯುವ ಕೈ ನಿಂತುಹೋಯಿತು, ಅಷ್ಟೆ.

ಅಂಬಿಕಾನಗರದವರಾದ ನಮಗೆ ಈ ತತ್ತ್ವವನ್ನು ಹೊರಗಿನವರು ಬಂದು ಹೇಳಬೇಕಾಗಿಲ್ಲ. ಕಾಳೀ ವಿದ್ಯುತ್ ಯೋಜನೆಗಾಗಿಯೇ ಹುಟ್ಟಿದ ಊರು ನಮ್ಮದು. ಮಳೆಗಾಲದಲ್ಲಿ ಭೋರ್ಗರೆಯುವ ಹೊಳೆಯನ್ನು ಕಂಡು ಹಿಗ್ಗಿದರೆ ಬೇಸಗೆಯಲ್ಲಿ ದೀಪ ಉರಿಯದು. ಸೂಪಾದಲ್ಲಿ ನೀರು ತುಂಬಿಟ್ಟುದರಿಂದಲೇ ನಾಗಝರಿಯ ಯಂತ್ರಗಳು ಚೈತ್ರ ವೈಶಾಖಗಳಲ್ಲಿಯೂ ತಿರುಗುತ್ತವೆ. ಒಬ್ಬ ಪವನರ ಪ್ರವಾಹದಲ್ಲಿ ಗೆದ್ದ ತಂಡ, ಆ ಪ್ರವಾಹ ಇಳಿಯುವುದರೊಳಗೆ ಜಲಾಶಯ ಕಟ್ಟಲಿಲ್ಲ.

ಹಾಗಾದರೆ ಆ ಜಲಾಶಯ ಎಲ್ಲಿರಬೇಕು? ಇಲ್ಲಿ ದೂರದ ಅಮೆರಿಕೆಯಿಂದ ಒಂದು ನಿದರ್ಶನ ಕೊಡಬಹುದು. ಅಲ್ಲಿಯ ವೃತ್ತಿಪರ ಫುಟ್‌ಬಾಲ್ ಲೀಗಿನಲ್ಲಿ ೧೯೩೬ರಿಂದ ಒಂದು ಪದ್ಧತಿಯಿದೆ. ಹೊಸ ಆಟಗಾರರನ್ನು ಆರಿಸುವಾಗ, ಹಿಂದಿನ ವರ್ಷ ಕೊನೆಯಲ್ಲಿ ನಿಂತ ತಂಡಕ್ಕೆ ಮೊದಲ ಆಯ್ಕೆ. ಸೋತವನು ಮತ್ತೆ ಏಳಲೆಂದು ಹಾಕಿದ ಏಣಿ ಅದು. ಆ ಆಟಗಾರರು ಬರುವುದು ಎಲ್ಲಿಂದ? ಹೆಚ್ಚುಕಡಮೆ ಎಲ್ಲರೂ ಕಾಲೇಜುಗಳಿಂದ. ಅಲ್ಲಿ ಕಾಲೇಜಿನ ಮೈದಾನವೇ ಸಸಿಮಡಿ. ನಮ್ಮ ಲೀಗಿನಲ್ಲಿಯೂ ಹೊಸ ಯುವ ಆಟಗಾರರಿಗೆ ಪ್ರತ್ಯೇಕ ವರ್ಗವುಂಟು. ಆದರೆ ನಮ್ಮಂತಹ ಕಾಲೇಜುಗಳಲ್ಲಿ ಕಬಡ್ಡಿ ನೆನಪಾಗುವುದು ಕರ್ನಾಟಕ ವಿಶ್ವವಿದ್ಯಾಲಯದ ಅಂತರ ಮಹಾವಿದ್ಯಾಲಯ ಪಂದ್ಯಗಳ ಸುತ್ತೋಲೆ ಬಂದಾಗ. ಹದಿನೈದು ದಿನ ಅಭ್ಯಾಸ, ಒಂದು ದಿನದ ಪಂದ್ಯ, ಒಂದು ಛಾಯಾಚಿತ್ರ, ಅಲ್ಲಿಗೆ ಮುಗಿಯಿತು. ಬಲಶಾಲಿಯಾದ ಒಬ್ಬನನ್ನು ಹುಡುಕಿ ನಾಯಕನನ್ನಾಗಿ ಮಾಡಿ, ಉಳಿದ ಆರು ಜನರನ್ನು ಎಣಿಕೆಗೆ ಸೇರಿಸುತ್ತೇವೆ. ಬುಲ್ಸ್ ಮಾಡಿದ ತಪ್ಪನ್ನು ನಾವು ಹಣವಿಲ್ಲದೆಯೇ ಮಾಡುತ್ತಿದ್ದೇವೆ.

ಇದಕ್ಕೆ ಪರಿಹಾರ ಕೋಟಿ ರೂಪಾಯಿಗಳಲ್ಲಿಲ್ಲ. ಇಂದಿನ ಕಬಡ್ಡಿ ಮಣ್ಣನ್ನು ಬಿಟ್ಟು ಮ್ಯಾಟಿಗೆ ಬಂದಿದೆ. ಮಣ್ಣಿನಲ್ಲಿ ಕಲಿತ ಕಾಲು ಮ್ಯಾಟಿನ ಮೇಲೆ ತಡವರಿಸುತ್ತದೆ. ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡಗಳ ಕಾಲೇಜುಗಳು ಕೂಡಿ ಒಂದು ಮ್ಯಾಟು ಪಡೆದು, ಮಳೆಗಾಲದಲ್ಲಿ ಸೂರಿನಡಿ ಹಾಸಲು ಜಾಗ ಮಾಡಿಕೊಂಡರೆ ವರ್ಷವಿಡೀ ಅಭ್ಯಾಸ ನಡೆಯುತ್ತದೆ. ಮೊದಲ ವರ್ಷದ ತರಗತಿಗೆ ಬಂದ ಹುಡುಗ ಹುಡುಗಿಯರನ್ನೇ ಆರಿಸಿ ಮೂರು ವರ್ಷ ಬಿಡದೆ ಬೆಳೆಸಬೇಕು. ದಾಳಿ ಮಾಡುವವನಿಗೆ ಚಪ್ಪಾಳೆ ತಟ್ಟುವ ನಾವು, ಕಾಲು ಹಿಡಿದು ಬೀಳುವವನ ಹೆಸರನ್ನೂ ತಿಳಿದುಕೊಳ್ಳಬೇಕು. ಅಧ್ಯಾಪಕ ವರ್ಗದವರು, ಹಾಜರಿಯ ಕಷ್ಟ ತಮಗಿದ್ದರೂ, ಆಡುವ ವಿದ್ಯಾರ್ಥಿಯ ಪಾಠ ಹಿಂದೆ ಬೀಳದಂತೆ ಒಂದಿಷ್ಟು ದಯೆ ತೋರಬೇಕೆಂದು ವಿನಂತಿ.

ನಮ್ಮಲ್ಲೊಬ್ಬರು ನಾಳೆ ಗೂಳಿಯ ಲಾಂಛನ ಧರಿಸಿ ಮ್ಯಾಟಿನ ಮೇಲೆ ನಿಂತರೆ, ಆ ತಂಡ ಗೆಲ್ಲಲಿ, ಸೋಲಲಿ, ‘ನಮ್ಮದು’ ಎನ್ನಲು ನಮಗೆ ಹಕ್ಕು ಬರುತ್ತದೆ. ಅಲ್ಲಿಯ ವರೆಗೆ ಸೋತ ಗೂಳಿಯನ್ನು ಹಳಿಯುವ ಮೊದಲು ನಮ್ಮ ಕೊಟ್ಟಿಗೆಯಲ್ಲಿ ಕರುಗಳಿಗೆ ಹುಲ್ಲು ನೀರು ಇದೆಯೇ ಎಂದು ನೋಡಿಕೊಳ್ಳೋಣ.