ಗಾಣಕ್ಕೆ ಯಾವ ಚಾಲನೆ? ಬೆಲೆಪಟ್ಟಿಯಲ್ಲಿ ಕಾಣದ ಲೆಕ್ಕ

ಕೃಷ್ಣಾ, ದೂಧಗಂಗಾ ಹಾಗೂ ವೇದಗಂಗಾ ನದಿಗಳ ನೀರು ಕಂಡ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳಲ್ಲಿ ಕಬ್ಬೇ ಪ್ರಧಾನ ಬೆಳೆ. ಈ ಭಾಗದ ಸಕ್ಕರೆ ಕಾರ್ಖಾನೆಗಳ ಬಗ್ಗೆ, ಕಬ್ಬಿನ ದರದ ಬಗ್ಗೆ ವರ್ಷವಿಡೀ ಚರ್ಚೆ ನಡೆಯುತ್ತದೆ. ಆ ಕಾರ್ಖಾನೆಗಳ ಪಕ್ಕದಲ್ಲಿಯೇ ಉಳಿದು ಬಂದಿರುವ ಬೆಲ್ಲದ ಗಾಣಗಳ ಆರ್ಥಿಕತೆಯ ಬಗ್ಗೆ ನಡೆಯುವ ಚರ್ಚೆ ಮಾತ್ರ ಅತ್ಯಲ್ಪ.

ಒಂದು ಕಾಲಕ್ಕೆ ಎತ್ತುಗಳು ತಿರುಗಿಸುತ್ತಿದ್ದ ಗಾಣವನ್ನು ಆ ಬಳಿಕ ಡೀಸೆಲ್ ಎಂಜಿನ್ ತಿರುಗಿಸಿತು. ತರುವಾಯ ವಿದ್ಯುತ್ ಮೋಟಾರು ಬಂದಿತು. ಈಗ ವೇಗ ನಿಯಂತ್ರಕ, ಗೇರ್ ಮೋಟಾರು, ಸ್ವಯಂಚಾಲಿತ ಫಲಕ ಎಂಬ ಹೆಸರುಗಳೊಂದಿಗೆ ಮಾರಾಟ ಪ್ರತಿನಿಧಿಗಳು ಗಾಣದ ಬಾಗಿಲಿಗೆ ಬರುತ್ತಿದ್ದಾರೆ. ಮಾಲೀಕರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ: ಬೆಲೆ ಎಷ್ಟು? ಕರೆಂಟು ಎಷ್ಟು ಉಳಿಯುತ್ತದೆ? ಈ ಎರಡೂ ಪ್ರಶ್ನೆಗಳು ಅವಶ್ಯಕವೇ. ಆದರೆ ಇವುಗಳಿಗಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಗಾಣದ ಬಾಯಿಯಲ್ಲಿ ಏನಾದರೂ ಸಿಕ್ಕಿಕೊಂಡಾಗ ಈ ಯಂತ್ರ ಹೇಗೆ ನಿಲ್ಲುತ್ತದೆ?

ಡೀಸೆಲ್ಲೋ, ವಿದ್ಯುತ್ತೋ?

ಮೊದಲು ಸುಲಭವಾದ ಲೆಕ್ಕವನ್ನು ನೋಡಬಹುದು. 20 ಅಶ್ವಶಕ್ತಿ, ಅಂದರೆ ಸುಮಾರು 15 ಕಿಲೋವ್ಯಾಟ್ ಬೇಡುವ ಗಾಣವೊಂದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಹಂಗಾಮಿನಲ್ಲಿ 120 ದಿನ, ದಿನಕ್ಕೆ 10 ಗಂಟೆ, ಒಟ್ಟು 1200 ಗಂಟೆಗಳ ಕೆಲಸವೆಂದು ಇಟ್ಟುಕೊಳ್ಳೋಣ. ಪೂರ್ಣ ಹೊರೆಯಲ್ಲಿ ಈ ಗಾತ್ರದ ಡೀಸೆಲ್ ಎಂಜಿನ್ ಗಂಟೆಗೆ ಸುಮಾರು 4.5 ಲೀಟರ್ ಇಂಧನ ಬೇಡುತ್ತದೆ. ಲೀಟರಿಗೆ 90 ರೂ. ಹಿಡಿದರೆ ಗಂಟೆಗೆ 405 ರೂ., ಹಂಗಾಮಿಗೆ 4.86 ಲಕ್ಷ ರೂ. ಅದೇ ಕೆಲಸಕ್ಕೆ ಐ.ಇ.3 ದರ್ಜೆಯ ಮೋಟಾರು ಸುಮಾರು 16.3 ಯೂನಿಟ್ ತೆಗೆದುಕೊಳ್ಳುತ್ತದೆ. ಯೂನಿಟ್ಟಿಗೆ 8 ರೂ. ಹಿಡಿದರೆ ಗಂಟೆಗೆ 130 ರೂ., ಹಂಗಾಮಿಗೆ 1.56 ಲಕ್ಷ ರೂ. ದರಗಳು ಸ್ವಲ್ಪ ಹೆಚ್ಚು ಕಡಿಮೆಯಾದರೂ ತೀರ್ಮಾನ ಬದಲಾಗುವುದಿಲ್ಲ. ವಿದ್ಯುತ್ ದೊರೆಯುವ ಸ್ಥಳದಲ್ಲಿ ಡೀಸೆಲ್ ಎಂಜಿನ್ ಇರಬೇಕಾದುದು ಆಪತ್ಕಾಲಕ್ಕೆ ಮಾತ್ರ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಕೃಷಿ ಪಂಪ್‌ಸೆಟ್ಟಿನ ಸಂಪರ್ಕದಿಂದ ಗಾಣ ನಡೆಸಿದರೆ ಅದು 2003ರ ವಿದ್ಯುಚ್ಛಕ್ತಿ ಕಾಯ್ದೆಯ 126ನೆಯ ಕಲಮಿನ ಅನ್ವಯ ಅನಧಿಕೃತ ಬಳಕೆಯಾಗುತ್ತದೆ. ಅಂಥ ಬಳಕೆಗೆ ಅನ್ವಯಿಸುವ ದರದ ಎರಡು ಪಟ್ಟು ಆಕರಿಸುವ ಅಧಿಕಾರ ವಿತರಣಾ ಕಂಪನಿಗಿದೆ. ಮೇಲಿನ ಉಳಿತಾಯವೆಲ್ಲ ಒಂದೇ ತಪಾಸಣೆಯಲ್ಲಿ ಕರಗಿಹೋದೀತು. ಆದ್ದರಿಂದ ಹೆಸ್ಕಾಂನಿಂದ ಸೂಕ್ತ ವರ್ಗದ ಸಂಪರ್ಕ ಪಡೆಯುವ ವೆಚ್ಚವನ್ನು ಯಂತ್ರದ ಬೆಲೆಯ ಜೊತೆಗೇ ಸೇರಿಸಿಕೊಳ್ಳಬೇಕು.

ಉಳಿತಾಯದ ಮಾತು ಎಷ್ಟು ನಿಜ?

ಮೋಟಾರಿನ ದರ್ಜೆಯ ವಿಷಯಕ್ಕೆ ಬರೋಣ. 15 ಕಿಲೋವ್ಯಾಟ್, ನಾಲ್ಕು ಪೋಲಿನ ಐ.ಇ.1 ಮೋಟಾರಿನ ದಕ್ಷತೆ 88.7%. ಐ.ಇ.3 ಮೋಟಾರಿನದು 92.1%. 1200 ಗಂಟೆಗಳಿಗೆ ಇವೆರಡರ ಅಂತರ ಸುಮಾರು 750 ಯೂನಿಟ್, ಅಂದರೆ 6 ಸಾವಿರ ರೂ. ಇದು ಹೆಚ್ಚೆಂದರೆ ಸಿಗುವ ಉಳಿತಾಯ, ಏಕೆಂದರೆ ಗಾಣ ಸದಾ ಪೂರ್ಣ ಹೊರೆಯಲ್ಲಿ ನಡೆಯುವುದಿಲ್ಲ. ವರ್ಷವಿಡೀ ನಡೆಯುವ ಗಿರಣಿಗೆ ಸಲ್ಲುವ ಲೆಕ್ಕ ನಾಲ್ಕು ತಿಂಗಳು ನಡೆಯುವ ಗಾಣಕ್ಕೆ ಅದೇ ರೂಪದಲ್ಲಿ ಸಲ್ಲದು. ಹೊಸ ಮೋಟಾರು ಕೊಳ್ಳುವಾಗ ಉತ್ತಮ ದರ್ಜೆಯದನ್ನೇ ಕೊಳ್ಳುವುದು ಸರಿ. ಆದರೆ ಚೆನ್ನಾಗಿ ನಡೆಯುತ್ತಿರುವ ಮೋಟಾರನ್ನು ಈ ಉಳಿತಾಯಕ್ಕಾಗಿಯೇ ಕಿತ್ತು ಹಾಕುವುದು ಲಾಭದ ಮಾತಲ್ಲ.

ವಿ.ಎಫ್.ಡಿ. ಎಂದು ಕರೆಯಲಾಗುವ ವೇಗ ನಿಯಂತ್ರಕದ ಮಾರಾಟದಲ್ಲಿ ಇನ್ನೂ ದೊಡ್ಡ ತಪ್ಪು ಕಲ್ಪನೆ ಹರಡಿದೆ. ಪಂಪು ಮತ್ತು ಫ್ಯಾನುಗಳ ವೇಗವನ್ನು 80%ಕ್ಕೆ ಇಳಿಸಿದರೆ ಬೇಕಾಗುವ ಶಕ್ತಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಇದು ನಿಜ. ಆದರೆ ಗಾಣ ಪಂಪಲ್ಲ. ರೋಲರುಗಳ ನಡುವೆ ಕಬ್ಬನ್ನು ಹಿಂಡಲು ಬೇಕಾದ ತಿರುಗುಬಲ ವೇಗ ತಗ್ಗಿದರೂ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ವೇಗ 80% ಆದರೆ ಶಕ್ತಿಯೂ 80% ಆಗುತ್ತದೆ, ಕೆಲಸದ ಅವಧಿ ಅಷ್ಟೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಟನ್ನು ಕಬ್ಬಿಗೆ ತಗಲುವ ಯೂನಿಟ್ಟುಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಾಗುವುದಿಲ್ಲ. ಆದ್ದರಿಂದ ವಿದ್ಯುತ್ ಅರ್ಧ ಉಳಿಯುತ್ತದೆಂಬ ಮಾತನ್ನು ನಂಬಿ ವೇಗ ನಿಯಂತ್ರಕ ಕೊಳ್ಳಬಾರದು. ಅದನ್ನು ಕೊಳ್ಳಲು ಬೇರೆ ಬಲವಾದ ಕಾರಣಗಳಿವೆ.

ದೊಡ್ಡ ಸಕ್ಕರೆ ಕಾರ್ಖಾನೆಗಳನ್ನು ಅನುಕರಿಸುವುದೂ ಸರಿಯಲ್ಲ. ಕಾಗವಾಡ ತಾಲ್ಲೂಕಿನ ಉಗಾರ ಖುರ್ದದಲ್ಲಿ 1939ರಲ್ಲಿಯೇ ಸಕ್ಕರೆ ಕಾರ್ಖಾನೆ ಸ್ಥಾಪನೆಯಾದ ಪ್ರದೇಶವಿದು. ದೊಡ್ಡ ಯಂತ್ರಗಳ ಪರಿಚಯ ಇಲ್ಲಿನ ಜನರಿಗೆ ಹೊಸದಲ್ಲ. ದೇಶದ ಅನೇಕ ಸಕ್ಕರೆ ಕಾರ್ಖಾನೆಗಳು ಅರೆಯುವ ಗಿರಣಿಗಳಿಗಿದ್ದ ಚಿಕ್ಕ ಉಗಿ ಟರ್ಬೈನುಗಳನ್ನು ತೆಗೆದು ವಿದ್ಯುತ್ ಚಾಲನೆ ಅಳವಡಿಸಿಕೊಂಡವು. ಹೀಗೆ ಉಳಿದ ಉಗಿಯಿಂದ ವಿದ್ಯುತ್ ಉತ್ಪಾದಿಸಿ ಮಾರಬಹುದು ಎಂಬುದು ಅದಕ್ಕೆ ಮುಖ್ಯ ಕಾರಣ. ಮಾರಲು ಉಗಿಯಾಗಲಿ ವಿದ್ಯುತ್ತಾಗಲಿ ಇಲ್ಲದ ಗಾಣಕ್ಕೆ ಆ ಲೆಕ್ಕ ಅನ್ವಯಿಸದು.

ಕೊಪ್ಪರಿಗೆಯೇ ಅಳತೆಗೋಲು

ಗಾಣದ ವೇಗವನ್ನು ನಿರ್ಧರಿಸಬೇಕಾದುದು ಮೋಟಾರಲ್ಲ, ಒಲೆಯ ಮೇಲಿನ ಕೊಪ್ಪರಿಗೆ. ಕೊಪ್ಪರಿಗೆ ಕುದಿಸುವುದಕ್ಕಿಂತ ವೇಗವಾಗಿ ಅರೆದರೆ ರಸ ಕಾಯುತ್ತ ನಿಲ್ಲುತ್ತದೆ. ನಿಂತ ರಸ ಕೆಲವೇ ಗಂಟೆಗಳಲ್ಲಿ ಕೆಡತೊಡಗುತ್ತದೆ, ಬೆಲ್ಲ ಸರಿಯಾಗಿ ಗಟ್ಟಿಯಾಗುವುದಿಲ್ಲ, ಬಣ್ಣವೂ ಇಳಿಯುತ್ತದೆ. ದೊಡ್ಡ ಮೋಟಾರು ಹಾಕಿ ಕೊಪ್ಪರಿಗೆಯನ್ನು ಹಾಗೆಯೇ ಬಿಟ್ಟವರಿಗೆ ಹೂಡಿಕೆ ಹೆಚ್ಚಿದರೂ ಉತ್ಪಾದನೆ ಹೆಚ್ಚುವುದಿಲ್ಲ.

ಇದಲ್ಲದೆ ರೋಲರು ನಿಧಾನವಾಗಿ, ಒಂದೇ ಸಮನೆ ತಿರುಗಿದಷ್ಟೂ ರಸ ಚೆನ್ನಾಗಿ ಇಳಿಯುತ್ತದೆ. ದಿನಕ್ಕೆ 10 ಟನ್ ಕಬ್ಬು ಅರೆಯುವ ಗಾಣದಲ್ಲಿ ರಸದ ಪ್ರಮಾಣ ಕಬ್ಬಿನ ತೂಕದ 60%ರಿಂದ 63%ಕ್ಕೆ ಏರಿತೆಂದು ಭಾವಿಸಿದರೆ ದಿನಕ್ಕೆ 300 ಕಿಲೋ ರಸ ಹೆಚ್ಚು ಸಿಗುತ್ತದೆ. ರಸದಲ್ಲಿ 18% ಘನಾಂಶವಿದ್ದರೆ ಅದರಿಂದ ಸುಮಾರು 60 ಕಿಲೋ ಬೆಲ್ಲವಾಗುತ್ತದೆ. ಕಿಲೋಗೆ 40 ರೂ. ಹಿಡಿದರೂ ದಿನಕ್ಕೆ 2,400 ರೂ., 120 ದಿನಗಳಿಗೆ 2.88 ಲಕ್ಷ ರೂ. ಮೋಟಾರಿನ ದರ್ಜೆಯಿಂದ ಉಳಿಯುವ 6 ಸಾವಿರದ ಪಕ್ಕದಲ್ಲಿ ಈ ಮೊತ್ತವನ್ನಿಟ್ಟು ನೋಡಬೇಕು. ಈ ಲಾಭ ಮುಖ್ಯವಾಗಿ ರೋಲರುಗಳ ನಡುವಿನ ಅಂತರವನ್ನು ಸರಿಪಡಿಸುವುದರಿಂದ, ಸವೆದ ರೋಲರುಗಳಿಗೆ ಮರಳಿ ಹಲ್ಲು ಹಾಕಿಸುವುದರಿಂದ ಬರುತ್ತದೆ. ವೇಗವನ್ನು ಕೊಪ್ಪರಿಗೆಗೆ ಹೊಂದಿಸಿ ಸ್ಥಿರವಾಗಿಡುವ ಚಾಲನೆ ಅದಕ್ಕೆ ಪೂರಕ. ವೇಗ ನಿಯಂತ್ರಕದ ಮೊದಲ ಪ್ರಯೋಜನ ಇದೇ.

ನಿಲ್ಲುವ ಗುಣ

ಎರಡನೆಯ ಪ್ರಯೋಜನ ಇದಕ್ಕಿಂತ ದೊಡ್ಡದು. ಗಾಣಕ್ಕೆ ಕಬ್ಬು ಕೊಡುವವರ ಕೈ ರೋಲರುಗಳಿಂದ ಕೆಲವೇ ಅಂಗುಲಗಳ ದೂರದಲ್ಲಿರುತ್ತದೆ. ಎತ್ತು ತಿರುಗಿಸುತ್ತಿದ್ದಾಗ ಒಂದು ಕೂಗಿಗೆ ಎತ್ತು ನಿಲ್ಲುತ್ತಿತ್ತು. ಚಪ್ಪಟೆ ಪಟ್ಟಿಯ ಡೀಸೆಲ್ ಗಾಣದಲ್ಲಿ ಹೊರೆ ವಿಪರೀತವಾದರೆ ಪಟ್ಟಿ ಜಾರುತ್ತಿತ್ತು, ಆದರೆ ಎಂಜಿನ್ನಿನ ಭಾರವಾದ ಫ್ಲೈವ್ಹೀಲ್ ತಕ್ಷಣ ನಿಲ್ಲುತ್ತಿರಲಿಲ್ಲ. ಗೇರ್ ಪೆಟ್ಟಿಗೆಯನ್ನು ನೇರವಾಗಿ ಜೋಡಿಸಿದ ಮೋಟಾರಿನಲ್ಲಿ ಜಾರುವ ಪಟ್ಟಿಯೂ ಇಲ್ಲ. ಕಬ್ಬಿಗೂ ಕೈಗೂ ಭೇದವೆಣಿಸದೆ ಅದು ಎಳೆದುಕೊಳ್ಳುತ್ತದೆ.

ಕಬ್ಬು ಸಿಕ್ಕಿಕೊಂಡಾಗಿನ ಸಂದರ್ಭವನ್ನು ಯೋಚಿಸಬೇಕು. ಸಾಮಾನ್ಯ ಸ್ಟಾರ್-ಡೆಲ್ಟಾ ಸ್ಟಾರ್ಟರಿನಲ್ಲಿ ಆರಂಭದ ತಿರುಗುಬಲ ನೇರ ಆರಂಭದ ಮೂರನೆಯ ಒಂದು ಭಾಗ ಮಾತ್ರ. ಕಬ್ಬು ತುಂಬಿ ನಿಂತ ಗಾಣ ಇದರಿಂದ ಮೇಲೇಳುವುದು ಕಷ್ಟ. ಆಗ ಕಾರ್ಮಿಕ ಕೈ ಹಾಕಿ ಕಬ್ಬು ಎಳೆಯಲು ಹೋಗುತ್ತಾನೆ. ಅದೇ ಕ್ಷಣದಲ್ಲಿ ಯಾರಾದರೂ ಗುಂಡಿ ಒತ್ತಿದರೆ ಅನಾಹುತ ತಪ್ಪದು. ವೇಗ ನಿಯಂತ್ರಕವಿದ್ದಲ್ಲಿ ತಿರುಗುಬಲಕ್ಕೆ ಮಿತಿ ಗೊತ್ತುಪಡಿಸಬಹುದು, ಮಿತಿ ಮೀರಿದೊಡನೆ ಯಂತ್ರ ತಾನೇ ನಿಲ್ಲುವಂತೆ ಮಾಡಬಹುದು. ರೋಲರುಗಳನ್ನು ನಿಧಾನವಾಗಿ ಹಿಂದಕ್ಕೆ ತಿರುಗಿಸಿ ಸಿಕ್ಕಿದ್ದನ್ನು ಕೈ ಹಾಕದೆಯೇ ಬಿಡಿಸಬಹುದು. ಆದರೂ ಈ ಮಿತಿಯನ್ನೇ ನೆಚ್ಚುವಂತಿಲ್ಲ. ಕಬ್ಬನ್ನು ಹಿಂಡುವ ಬಲದ ಮುಂದೆ ಮನುಷ್ಯನ ಕೈ ಒಡ್ಡುವ ತಡೆ ಬಹಳ ಕಡಿಮೆ, ಮಿತಿ ಅದನ್ನು ಗುರುತಿಸಲಾರದು. ಆದ್ದರಿಂದ ಕೈ ರೋಲರಿಗೆ ತಲುಪದಷ್ಟು ಉದ್ದದ ಮುಚ್ಚಿದ ಕಬ್ಬಿನ ದೋಣಿ, ಗೇರು ಮತ್ತು ಪಟ್ಟಿಗಳಿಗೆ ಜಾಲರಿ, ಕಬ್ಬು ಕೊಡುವವನ ಮೈ ತಾಗಿದರೂ ಸಾಕು ಯಂತ್ರವನ್ನು ಕೂಡಲೇ ನಿಲ್ಲಿಸುವ ಅಡ್ಡಕಂಬಿ, ಒಮ್ಮೆ ನಿಂತ ಮೇಲೆ ಪುನಃ ಕೈಯಿಂದ ಸಜ್ಜುಗೊಳಿಸದೆ ಆರಂಭವಾಗದಂತಹ ಜೋಡಣೆ, ಇವು ನಾಲ್ಕೂ ಇರಲೇಬೇಕು.

ಕಾನೂನು ಹೇಳಲಿ, ಆಮೇಲೆ ನೋಡೋಣ ಎನ್ನುವಂತಿಲ್ಲ. 1948ರ ಕಾರ್ಖಾನೆ ಕಾಯ್ದೆಯ 21ನೆಯ ಕಲಮು ಅಪಾಯಕಾರಿ ಭಾಗಗಳಿಗೆ ಭದ್ರ ಬೇಲಿಯನ್ನು ಕಡ್ಡಾಯಗೊಳಿಸಿತ್ತು, ಆದರೆ ವಿದ್ಯುತ್ ಬಳಸುವಲ್ಲಿ 10 ಕಾರ್ಮಿಕರಿದ್ದರೆ ಮಾತ್ರ ಅದು ಕಾರ್ಖಾನೆ ಎನಿಸುತ್ತಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲಿ ಈ ಸಂಖ್ಯೆ 20ಕ್ಕೆ ಏರಿದೆ. ಅಂದರೆ ಅನೇಕ ಗಾಣಗಳು ಕಾರ್ಖಾನೆಯ ವ್ಯಾಖ್ಯೆಯ ಹೊರಗೇ ಉಳಿಯುತ್ತವೆ. ತಪಾಸಣಾಧಿಕಾರಿ ಬಾರದ ಸ್ಥಳದಲ್ಲಿ ಕಾರ್ಮಿಕನ ಕೈಗೆ ರಕ್ಷಣೆ ಮಾಲೀಕನ ವಿವೇಕವೊಂದೇ. ವ್ಯವಹಾರದ ದೃಷ್ಟಿಯಿಂದ ನೋಡಿದರೂ ಒಂದು ಅಪಘಾತದ ಪರಿಹಾರ, ಚಿಕಿತ್ಸೆ ಹಾಗೂ ಹಂಗಾಮಿನ ನಡುವೆ ನಿಂತುಹೋಗುವ ಕೆಲಸದ ವೆಚ್ಚ ವೇಗ ನಿಯಂತ್ರಕದ ಬೆಲೆಯನ್ನು ಸುಲಭವಾಗಿ ಮೀರುತ್ತದೆ. ಬೆಲೆಪಟ್ಟಿಯಲ್ಲಿ ಈ ಸಾಲು ಇರುವುದಿಲ್ಲ, ಮಾಲೀಕರೇ ಬರೆದುಕೊಳ್ಳಬೇಕು.

ತೆರಿಗೆ ಮತ್ತು ಸಹಾಯಧನ

ಖರೀದಿಯ ಕಾಲಕ್ಕೂ ಬೆಲೆಯಿದೆ. ಸಾಮಾನ್ಯ ಯಂತ್ರೋಪಕರಣಗಳಿಗೆ ಆದಾಯ ತೆರಿಗೆಯಲ್ಲಿ ಸವಕಳಿ ದರ 15%. ಆದರೆ ಕೊಂಡ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಕೆಯಲ್ಲಿದ್ದರೆ ಅದರ ಅರ್ಧ ಮಾತ್ರ ದೊರೆಯುತ್ತದೆ. ದೀಪಾವಳಿಯ ಹೊತ್ತಿಗೆ ಯಂತ್ರ ಕೂಡಿಸುವವರು ಮೊದಲ ವರ್ಷ 7.5% ಮಾತ್ರ ಪಡೆಯುತ್ತಾರೆ. ಲೆಕ್ಕಪುಸ್ತಕ ಇಡುವ ಉದ್ದಿಮೆಗಳು ಸೆಪ್ಟೆಂಬರಿನೊಳಗೆ ಯಂತ್ರವನ್ನು ಬಳಕೆಗೆ ತರುವುದು ಲೇಸು. ಹಂಗಾಮಿಗೆ ಮೊದಲೇ ಪರೀಕ್ಷಿಸಿ ದೋಷ ತಿದ್ದಿಕೊಳ್ಳಲೂ ಅವಕಾಶ ಸಿಗುತ್ತದೆ.

ಜಿ.ಎಸ್.ಟಿ. ವಿಷಯವೂ ಹೀಗೆಯೇ. ಮೋಟಾರಿನ ಮೇಲೆ 18% ತೆರಿಗೆಯಿದೆ. ಬಿಡಿ ಬೆಲ್ಲಕ್ಕೆ ತೆರಿಗೆ ವಿನಾಯಿತಿ ಇರುವುದರಿಂದ ಅದನ್ನೇ ಮಾರುವವರಿಗೆ ಈ 18% ಮರಳಿ ಬಾರದೆ ಯಂತ್ರದ ಬೆಲೆಯಲ್ಲಿಯೇ ಸೇರುತ್ತದೆ. ಮೊದಲೇ ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದ ಬೆಲ್ಲಕ್ಕೆ 2022ರ ಜುಲೈ 18ರಿಂದ 5% ತೆರಿಗೆ ಬಂದಿತು. ಹಾಗೆ ಮಾರುವ ನೋಂದಾಯಿತ ಉದ್ದಿಮೆಗೆ ಹೂಡುವಳಿ ತೆರಿಗೆಯ ಜಮಾ ದೊರೆಯುತ್ತದೆ. ಆದ್ದರಿಂದ ಇಬ್ಬರು ಮಾಲೀಕರು ಒಂದೇ ಯಂತ್ರವನ್ನು ಒಂದೇ ದರಕ್ಕೆ ಕೊಂಡರೂ ಅವರ ನಿಜವಾದ ವೆಚ್ಚ ಒಂದೇ ಆಗಿರುವುದಿಲ್ಲ.

2020ರಲ್ಲಿ ಆರಂಭವಾದ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಕೇಂದ್ರ ಯೋಜನೆಯಲ್ಲಿ ಬೆಳಗಾವಿ ಜಿಲ್ಲೆಯ ಉತ್ಪನ್ನವಾಗಿ ಬೆಲ್ಲವೇ ಆಯ್ಕೆಯಾಯಿತು. ಅರ್ಹ ವೆಚ್ಚದ 35%, ಗರಿಷ್ಠ 10 ಲಕ್ಷ ರೂ. ಸಹಾಯಧನವನ್ನು ಆ ಯೋಜನೆ ಗೊತ್ತುಪಡಿಸಿತು. ಸಹಾಯಧನ ಸ್ವಾಗತಾರ್ಹ. ಆದರೆ ಸಹಾಯಧನ ಸಿಗುತ್ತದೆಂದು ಬೇಕಾದುದಕ್ಕಿಂತ ದೊಡ್ಡ ಯಂತ್ರ ಕೊಂಡರೆ ಉಳಿದ ಹಣಕ್ಕೆ ಬಡ್ಡಿ ಕಟ್ಟಬೇಕಾದವರು ಮಾಲೀಕರೇ.

ದುರಸ್ತಿಯ ದೂರ

1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರು ಮುಂದೆ ಮೇವು ಕತ್ತರಿಸುವ ಯಂತ್ರ ಹಾಗೂ ಕಬ್ಬಿಣದ ನೇಗಿಲುಗಳನ್ನು ತಯಾರಿಸಿದರು, 1910ರಲ್ಲಿ ಕಿರ್ಲೋಸ್ಕರವಾಡಿಗೆ ತೆರಳಿದರು. ಅವರ ಕಬ್ಬಿಣದ ನೇಗಿಲನ್ನು ರೈತರು ಮೊದಮೊದಲು ಕೊಳ್ಳಲು ಹಿಂಜರಿದರು. ಹೊಸ ಯಂತ್ರದ ಮೇಲೆ ನಂಬಿಕೆ ಮೂಡಲು ಕಾಲ ಬೇಕು. ಅದು ಕೆಟ್ಟಾಗ ಸರಿಪಡಿಸುವವರು ಹತ್ತಿರದಲ್ಲಿದ್ದರೆ ನಂಬಿಕೆ ಬೇಗ ಬೆಳೆಯುತ್ತದೆ. ವೇಗ ನಿಯಂತ್ರಕದ ಮಾತೂ ಅದೇ. ಹಬೆ, ಹಿಪ್ಪೆಯ ಧೂಳು ಮತ್ತು ವೋಲ್ಟೇಜಿನ ಏರಿಳಿತ ಇದರ ಶತ್ರುಗಳು. ಧೂಳು ಹೋಗದ ಪೆಟ್ಟಿಗೆಯಲ್ಲಿ, ಒಲೆಯಿಂದ ದೂರ ಅದನ್ನು ಕೂಡಿಸಬೇಕು. ಕೆಟ್ಟರೆ ಬೆಳಗಾವಿ, ಕೊಲ್ಹಾಪುರ ಅಥವಾ ಇಚಲಕರಂಜಿಯಿಂದ ಒಂದೇ ದಿನದಲ್ಲಿ ತಂತ್ರಜ್ಞ ಬರುವನೇ, ಬಿಡಿಭಾಗ ದೊರೆಯುವುದೇ ಎಂಬುದನ್ನು ಖರೀದಿಯ ಮೊದಲೇ ಬರವಣಿಗೆಯಲ್ಲಿ ಪಡೆಯಬೇಕು. ಕಡಿದ ಕಬ್ಬು ತಂತ್ರಜ್ಞನಿಗಾಗಿ ಕಾಯುವುದಿಲ್ಲ.

ಒಟ್ಟಿನಲ್ಲಿ ಒಂದು ಗಾಣ, ನಾಲ್ಕು ತಿಂಗಳ ಹಂಗಾಮು ಇರುವ ಉದ್ದಿಮೆಗೆ ಕೊಪ್ಪರಿಗೆಗೆ ತಕ್ಕ ಗಾತ್ರದ ಉತ್ತಮ ದರ್ಜೆಯ ಮೋಟಾರು, ಭದ್ರವಾದ ಗೇರ್ ಪೆಟ್ಟಿಗೆ, ತಿರುಗುಬಲದ ಮಿತಿ ಹಾಗೂ ಹಿಮ್ಮುಖ ಚಲನೆಯುಳ್ಳ ವೇಗ ನಿಯಂತ್ರಕ ಮತ್ತು ಮೇಲೆ ಹೇಳಿದ ನಾಲ್ಕು ಸುರಕ್ಷಾ ಸಾಧನಗಳು ಸಾಕು. ಇದಕ್ಕೂ ಮಿಗಿಲಾದ ಸ್ವಯಂಚಾಲನೆ ಸದ್ಯಕ್ಕೆ ಅನವಶ್ಯಕ. ಹಣ ಸಾಲದಿದ್ದರೆ ಹಳೆಯ ಮೋಟಾರನ್ನೇ ಇಟ್ಟುಕೊಂಡು ಮೊದಲು ದೋಣಿ, ಜಾಲರಿ ಮತ್ತು ಅಡ್ಡಕಂಬಿಯನ್ನು ಅಳವಡಿಸುವುದು ಸೂಕ್ತ. ಮೋಟಾರನ್ನು ಮುಂದಿನ ಹಂಗಾಮಿನಲ್ಲಿಯೂ ಬದಲಿಸಬಹುದು, ಹೋದ ಕೈಯನ್ನು ಯಾವ ಹಂಗಾಮಿನಲ್ಲಿಯೂ ಮರಳಿ ತರಲಾಗದು.