ಠೇವಣಿ ಹೆಂಡತಿ ಹೆಸರಲ್ಲಿ, ತೆರಿಗೆ ಗಂಡನ ತಲೆಗೆ!

ಮುರಗೋಡ: ಇಲ್ಲಿಂದ ಬೈಲಹೊಂಗಲಕ್ಕೆ ಹೋಗುವ ಬಸ್ಸಿನಲ್ಲಿ ಕೂತರೆ ಸಾಕು, ರೊಕ್ಕದ ಸಲಹೆ ಪುಕ್ಕಟೆ ಸಿಗುತ್ತದೆ. ಅದರೊಳಗೆ ಹಳೆಯದೊಂದು ಸಲಹೆ ಇದು: “ಹೆಂಡ್ತಿ ಹೆಸರಿಗೆ ಠೇವಣಿ ಇಟ್ಟಬಿಡ್ರೀ, ಟ್ಯಾಕ್ಸ್ ಕಾಟ ಇರೂದಿಲ್ಲ!” ಕೇಳಲಿಕ್ಕೆ ಸಕ್ಕರೆಯಷ್ಟು ಸಿಹಿ. ಆದರೆ ಇದನ್ನು ನಂಬಿ ನಡೆದವರ ಮನೆಗೆ ಒಂದು ದಿನ ನೋಟೀಸು ಬಂದರೆ ಆಶ್ಚರ್ಯಪಡಬೇಕಾಗಿಲ್ಲ.

ಗಂಡನ ಗಳಿಕೆಗೆ ಗಂಡ, ಹೆಂಡತಿಯ ಗಳಿಕೆಗೆ ಹೆಂಡತಿ. ಆದಾಯ ತೆರಿಗೆಯಲ್ಲಿ ಇಬ್ಬರ ಲೆಕ್ಕವೂ ಬೇರೆ ಬೇರೆ. ಇಷ್ಟು ನಿಜ. ಮರೆತುಹೋಗುವ ಮಾತು ಒಂದೇ: ಕಾಯ್ದೆ ನೋಡುವುದು ಪಾಸ್‌ಬುಕ್ಕಿನ ಮೇಲಿನ ಹೆಸರನ್ನಲ್ಲ, ರೊಕ್ಕ ಯಾರ ಕಿಸೆಯಿಂದ ಬಂತು ಎಂಬುದನ್ನು.

ಲೆಕ್ಕ ಹೀಗೈತಿ

ಉದಾಹರಣೆಗೆ ಒಬ್ಬ ಹೈಸ್ಕೂಲ್ ಮಾಸ್ತರರನ್ನು ಹಿಡಿಯೋಣ. 2025-26ರಲ್ಲಿ ಅವರ ಸಂಬಳ 12,15,000 ರೂಪಾಯಿ. ಹೊಸ ಪದ್ಧತಿಯಲ್ಲಿ ಸಂಬಳದಾರರಿಗೆ ಸಿಗುವ 75,000 ರೂ. ಕಳೆದರೆ ಉಳಿಯುವುದು 11,40,000. ಆ ವರ್ಷ 12 ಲಕ್ಷದವರೆಗೆ ರಿಯಾಯಿತಿ ಇದ್ದದ್ದರಿಂದ ತೆರಿಗೆ ಸೊನ್ನೆ. ಮಾಸ್ತರು ನಿಶ್ಚಿಂತ.

ಅವರು ತಮ್ಮ ಉಳಿತಾಯದ 12 ಲಕ್ಷವನ್ನು ಹೆಂಡತಿ ಹೆಸರಿಗೆ ಠೇವಣಿ ಇಟ್ಟಿದ್ದಾರೆ. ಶೇಕಡಾ 7ರಂತೆ ವರ್ಷದ ಬಡ್ಡಿ 84,000. ಬಡ್ಡಿ 50,000 ದಾಟಿದ್ದರಿಂದ ಬ್ಯಾಂಕು ಶೇಕಡಾ 10ರಂತೆ 8,400 ರೂ. ಮುರಿದುಕೊಂಡಿತು. ಬಾಯಾರಿಗೆ ಬೇರೆ ಆದಾಯ ಇಲ್ಲ. ರಿಟರ್ನ್ ತುಂಬಿದರು, ಆ ರೊಕ್ಕ ವಾಪಸ್ ಬಂತು. ದಂಪತಿಗೆ ಖುಷಿಯೋ ಖುಷಿ.

ಆದರೆ ಆ 84,000 ಕಾಯ್ದೆಯ ಪ್ರಕಾರ ಬಾಯಾರದಲ್ಲ, ಮಾಸ್ತರದು! ಅದನ್ನು ಕೂಡಿಸಿದರೆ ಮಾಸ್ತರ ಆದಾಯ 12,24,000. ರಿಯಾಯಿತಿಯ ಗೆರೆ ದಾಟಿತು. ಗೆರೆಯಿಂದ ಸ್ವಲ್ಪವೇ ಮೇಲೆ ಹೋದವರಿಗೆ ಹೆಚ್ಚಾದ ಮೊತ್ತಕ್ಕಿಂತ ಜಾಸ್ತಿ ತೆರಿಗೆ ಹಾಕುವುದಿಲ್ಲ. ಆದ್ದರಿಂದ ತೆರಿಗೆ 24,000, ಅದರ ಮೇಲೆ ಶೇಕಡಾ 4 ಸೆಸ್ 960. ಒಟ್ಟು 24,960 ರೂಪಾಯಿ. ತಡವಾದರೆ ಬಡ್ಡಿ ಬೇರೆ. ಹೋದ ವರ್ಷ ಸೊನ್ನೆ ಕಟ್ಟಿದ ಮನುಷ್ಯನಿಗೆ ಇದು ಸಿಡಿಲಲ್ಲದೆ ಮತ್ತೇನು?

ಅದೇ 12 ಲಕ್ಷ ಬಾಯಾರು ಹೊಲಿಗೆ ಮಾಡಿ ಗಳಿಸಿದ್ದೋ, ತವರಿನಿಂದ ಬಂದದ್ದೋ ಆಗಿದ್ದರೆ ಬಡ್ಡಿ ಅವರದೇ. ಮಾಸ್ತರ ಮೇಲೆ ಒಂದು ಪೈಸೆಯೂ ಬೀಳುತ್ತಿರಲಿಲ್ಲ.

ಗೊಂದಲ ಎಲ್ಲಿಯದು?

“ಹೆಂಡ್ತಿಗೆ ಕೊಟ್ಟ ಉಡುಗೊರೆಗೆ ಟ್ಯಾಕ್ಸ್ ಇಲ್ಲ ಅಂತಾರಲ್ಲ?” ಹೌದು, ಇಲ್ಲ. 1958ರ ಉಡುಗೊರೆ ತೆರಿಗೆಯೂ 1998ರ ಅಕ್ಟೋಬರಿನಿಂದ ನಿಂತುಹೋಯಿತು. ಆದರೆ ವಿನಾಯಿತಿ ಇರುವುದು ಕೊಟ್ಟ ರೊಕ್ಕಕ್ಕೆ, ಅದು ಹಾಕುವ ಮರಿಗಲ್ಲ. ಬಡ್ಡಿ, ಬಾಡಿಗೆ, ಮಾರಿದಾಗಿನ ಲಾಭ ಎಲ್ಲವೂ ಕೊಟ್ಟವರ ಲೆಕ್ಕಕ್ಕೇ ಸೇರುತ್ತವೆ. ಹೆಂಡತಿ ಗಂಡನಿಗೆ ಕೊಟ್ಟರೂ ಇದೇ ನ್ಯಾಯ.

ಈ ಕಟ್ಟುಪಾಡು ನಿನ್ನೆ ಮೊನ್ನೆಯದಲ್ಲ. ಮುರಗೋಡ ಮುಂಬಯಿ ಪ್ರಾಂತ್ಯದಲ್ಲಿದ್ದ ಕಾಲಕ್ಕೆ, 1937ರಲ್ಲಿ, ಬ್ರಿಟಿಷ್ ಸರಕಾರ ಇದನ್ನು ತಂದಿತು. ಇದು ಸಂವಿಧಾನಕ್ಕೆ ಒಪ್ಪುತ್ತದೆಯೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೂ ಹೋಯಿತು. 1961ರಲ್ಲಿ ಕೋರ್ಟು ಎತ್ತಿಹಿಡಿಯಿತು. ಅದೇ ವರ್ಷದ ಆದಾಯ ತೆರಿಗೆ ಕಾಯ್ದೆಯಲ್ಲಿ 64ನೇ ಕಲಮು ಆಯಿತು. 2026ರ ಏಪ್ರಿಲ್ 1ರಿಂದ ಆ ಕಾಯ್ದೆಯ ಜಾಗಕ್ಕೆ ನಿಗದಿಯಾದ 2025ರ ಕಾಯ್ದೆಯಲ್ಲೂ ಇದು ಉಳಿದಿದೆ.

ಹಿಂದೆ ಸಿಕ್ಕುಬೀಳುತ್ತಿದ್ದವರು ಕಡಿಮೆ. 2021ರ ನವೆಂಬರಿನಿಂದ ಇಲಾಖೆ ಪ್ರತಿ ಪ್ಯಾನ್ ಕಾರ್ಡಿಗೂ ವಾರ್ಷಿಕ ಮಾಹಿತಿ ಪಟ್ಟಿ ಇಟ್ಟಿದೆ. ಬಡ್ಡಿ ಅದರಲ್ಲಿ ಬರುತ್ತದೆ. ವರ್ಷದಲ್ಲಿ 10 ಲಕ್ಷ ಮುಟ್ಟಿದ ಠೇವಣಿಯ ವರದಿಯನ್ನು ಬ್ಯಾಂಕು ಕಳಿಸುತ್ತದೆ. “ಇಷ್ಟು ರೊಕ್ಕ ಎಲ್ಲಿಂದ?” ಎಂದು ಬಾಯಾರನ್ನು ಕೇಳಿದರೆ, “ನಮ್ಮ ಮನಿಯವರು ಕೊಟ್ರು” ಎನ್ನುತ್ತಾರೆ. ಅಲ್ಲಿಗೆ ಬಿಲ್ಲು ಮನೆಯವರ ಹೆಸರಿಗೆ!

ಗಲ್ಲಾದ ಮುಂದಿನ ಅನ್ಯಾಯ

ಅಂಗಡಿಕಾರರಿಗೂ ಒಂದು ಮಾತು. ಸ್ವಂತ ಅಂಗಡಿಯಿಂದ ಹೆಂಡತಿಗೆ ಪಗಾರ ಬರೆದರೆ, ಆ ಕೆಲಸಕ್ಕೆ ಬೇಕಾದ ತಾಂತ್ರಿಕ ಅಥವಾ ವೃತ್ತಿಪರ ಅರ್ಹತೆ ಆಕೆಗೆ ಇಲ್ಲದಿದ್ದರೆ, ಪಗಾರವೂ ಗಂಡನ ಆದಾಯವೇ. ಔಷಧ ಅಂಗಡಿಯಲ್ಲಿ ಫಾರ್ಮಸಿ ಕಲಿತ ಹೆಂಡತಿಯ ಪಗಾರ ಆಕೆಯದು. ಕಿರಾಣಿ ಅಂಗಡಿಯಲ್ಲಿ ಮುಂಜಾನೆಯಿಂದ ರಾತ್ರಿತನಕ ಗಲ್ಲಾದ ಮೇಲೆ ಕೂಡುವ ಹೆಂಗಸಿನ ದುಡಿಮೆ ಕಾಯ್ದೆಯ ಕಣ್ಣಿಗೆ ಕಾಣುವುದಿಲ್ಲ! ತೆರಿಗೆ ತಪ್ಪಿಸುವವರನ್ನು ಹಿಡಿಯಲು ಹಾಕಿದ ಬಲೆಯಲ್ಲಿ ನಿಜವಾಗಿ ದುಡಿಯುವವಳೂ ಸಿಕ್ಕಿಕೊಂಡಿದ್ದಾಳೆ. ಇದನ್ನು ಸರಕಾರ ಯೋಚಿಸಬೇಕು.

ಹಾಗಾದರೆ ಮಾಡುವುದೇನು? ಹೆಂಡತಿ ಗಳಿಸಿದ್ದು, ತವರಿನಿಂದ ತಂದದ್ದು ಬೇರೆ ಖಾತೆಯಲ್ಲಿರಲಿ, ಚೀಟಿಚಪಾಟಿ ಜತನವಾಗಿರಲಿ. ಗಂಡ ಕೊಟ್ಟ ರೊಕ್ಕದ ಬಡ್ಡಿಯನ್ನು ಗಂಡನೇ ತನ್ನ ರಿಟರ್ನಿನಲ್ಲಿ ತೋರಿಸಲಿ. ಆ ಬಡ್ಡಿಯನ್ನು ಮತ್ತೆ ಠೇವಣಿ ಇಟ್ಟರೆ, ಅದರ ಮೇಲೆ ಬರುವ ಬಡ್ಡಿ ಮಾತ್ರ ಹೆಂಡತಿಯದೇ. ಅಷ್ಟು ಸಮಾಧಾನ ಉಂಟು. ಹಳೆಯ ತಪ್ಪು ತಿದ್ದಲು ನಾಲ್ಕು ವರ್ಷದವರೆಗೆ ಅವಕಾಶವಿದೆ. ಆದರೆ ತಡವಾದಷ್ಟೂ ಹೆಚ್ಚುವರಿ ಹೊರೆ ಶೇಕಡಾ 25ರಿಂದ 70ಕ್ಕೆ ಏರುತ್ತದೆ.

ಹೆಂಡತಿ ಹೆಸರಿಗೆ ರೊಕ್ಕ ಇಡುವುದು ತಪ್ಪಲ್ಲ. ನಾಳೆ ಕಷ್ಟಕಾಲಕ್ಕೆ ಆಕೆಯ ಕೈಯಲ್ಲಿ ನಾಲ್ಕು ಕಾಸು ಇರಲೇಬೇಕು. ಇಡುವುದಾದರೆ ಆಕೆಗಾಗಿ ಇಡಿ, ತೆರಿಗೆಗೆ ಹೆದರಿ ಇಡಬೇಡಿ. ಬಸ್ಸಿನಲ್ಲಿ ಸಲಹೆ ಕೊಟ್ಟವರು ತಮ್ಮ ಸ್ಟಾಪಿನಲ್ಲಿ ಇಳಿದುಹೋಗುತ್ತಾರೆ. ಬಿಲ್ಲು ಕಟ್ಟುವವರು ನೀವೇ!