ಮನೆಯ ಪ್ರಾರ್ಥನೆ

ಮಕ್ಕಳ ಧರ್ಮಶಿಕ್ಷಣವೆಲ್ಲ ಇಗರ್ಜಿಯ ಭಾನುವಾರದ ಪಾಠದ ಹೊಣೆಯೆಂದು ಕೆಲವು ಕ್ರೈಸ್ತ ತಂದೆತಾಯಿಗಳು ಭಾವಿಸಿರುವಂತಿದೆ. ನಾನಿದನ್ನು ಒಪ್ಪಲಾರೆ.

ಮಂಗಳೂರು ಸೀಮೆಯ ಕೆಥೋಲಿಕರ ಮನೆಗಳನ್ನೇ ನೋಡಿರಿ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಹೂ ಕೊಯ್ದು ಮರಿಯಮ್ಮನವರಿಗೆ ಅರ್ಪಿಸುತ್ತಾರೆ. ಹಬ್ಬದಂದು ಇಗರ್ಜಿಯಲ್ಲಿ ಆಶೀರ್ವಾದ ಪಡೆದ ಹೊಸ ತೆನೆಯನ್ನು ಮನೆಗೆ ತಂದು, ಪ್ರಾರ್ಥಿಸಿ, ಅದರ ಕಾಳನ್ನು ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ ಹಿರಿಯರು ಎಲ್ಲರಿಗೂ ಹಂಚುತ್ತಾರೆ. ಅಂದಿನ ಊಟದಲ್ಲಿ ಮೀನು ಮಾಂಸಗಳಿಲ್ಲ. ಸಂಜೆಯ ಜಪಮಾಲೆ ಮುಗಿದೊಡನೆ ಕಿರಿಯರು ಕೈಜೋಡಿಸಿ ಹಿರಿಯರ ‘ಬೆಸಾಂವ್’, ಎಂದರೆ ಆಶೀರ್ವಾದ, ಬೇಡುವುದು ಹಳೆಯ ರೂಢಿ.

ತೂಕಡಿಸುವ ಮಗು ಪ್ರಾರ್ಥನೆಯ ಅರ್ಥವನ್ನರಿಯದು, ನಿಜ. ತಂದೆ ಮೊಣಕಾಲೂರುವುದನ್ನು ಮಾತ್ರ ಅದು ಕಾಣುತ್ತದೆ. ಅದೇ ತಂದೆ ಮೊಬೈಲು ಹಿಡಿದು ಕುಳಿತು ‘ಹೋಗು, ಪ್ರಾರ್ಥನೆ ಮಾಡು’ ಎಂದರೆ ಅದನ್ನೂ ಕಾಣುತ್ತದೆ! ಗದ್ದೆಯಿಲ್ಲದವರಿಗೆ ತೆನೆ ದುರ್ಲಭವಾಗಬಹುದು. ಜಪಮಾಲೆಗೆ ಬೇಕಾದುದು ಅರ್ಧ ಗಂಟೆಯಷ್ಟೆ. ಅದನ್ನು ಮೊದಲು ಕೊಡಬೇಕಾದವನು ಮಗನಲ್ಲ, ತಂದೆ.